ಹಿಂಬಾಗಿಲಿನ ನಲ್ಲಿ

ನವೆಂಬರ್ 6

ಅರಾಸೆ ದ್ವೀಪಕ್ಕೆ ಬಂದು ಬಿದ್ದಿದ್ದೇನೆ. ಹಡಗಿನಲ್ಲಿ ಎರಡೂವರೆ ಗಂಟೆ. ಅದರಲ್ಲಿ ಎರಡು ಗಂಟೆ ಕಣ್ಣು ಮುಚ್ಚಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಎದುರಿಗೆ ಕೂತ ಹೆಂಗಸು ಅಷ್ಟೂ ಹೊತ್ತು ಒಣಗಿಸಿದ ಸ್ಕ್ವಿಡ್ ಮೀನು ಜಗಿಯುತ್ತಿದ್ದಳು. ಇಲ್ಲಿ ನನ್ನ ಕೆಲಸ ಹದಿನಾಲ್ಕೇ ದಿನ. ಅಳತೆ ತೆಗೆಯುವುದು, ನಕ್ಷೆಗೆ ಎಲ್ಲರ ಒಪ್ಪಿಗೆ ಪಡೆಯುವುದು, ಒಸಾಕಾಕ್ಕೆ ವಾಪಸ್ ಹೋಗುವುದು.

ಆಸ್ಪತ್ರೆ ಪುಟ್ಟದು. ಮೂವತ್ತೆಂಟು ಹಾಸಿಗೆ, ಒಂದೇ ಆಪರೇಷನ್ ಥಿಯೇಟರ್, ಅದಕ್ಕೂ ನಲವತ್ತೊಂದು ವರ್ಷ. ಅರಿವಳಿಕೆ ಯಂತ್ರವನ್ನು ಒಳಗೆ ತರುವಾಗ ಸರ್ಜನ್ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಸರ್ಜನ್ ಎಂದರೆ ಡಾ. ಒಕಿಮೊರಿ ಒಬ್ಬರೇ. ಅರವತ್ತಾರು ವರ್ಷ, ಬಲೆ ಎಳೆದವರಂಥ ಅಗಲ ಭುಜ, ಮಾತಿಗೆ ಬೇಲಿ ಇಲ್ಲ.

"ಮೇಷ್ಟ್ರೇ, ನೇರವಾಗಿ ಹೇಳ್ಬಿಡ್ತೀನಿ," ಎಂದರು, ಚಹಾ ಮುಂದೆ ತಳ್ಳುತ್ತ. (ನಕ್ಷೆ ಬರೆಯುವವನಿಗೂ ಇಲ್ಲಿ ಮೇಷ್ಟ್ರು ಎಂಬ ಮರ್ಯಾದೆ.) "ಇನ್ನೆರಡು ವರ್ಷಕ್ಕೆ ನಾನು ನಿವೃತ್ತಿ. ಕಣ್ಣು ಈಗ್ಲೇ ರಜಾ ಕೇಳ್ತಾ ಇದೆ. ಹತಾನೊ ಅಂತ ಒಬ್ಳು ಸರ್ಜನ್ ಇದಾಳೆ, ಹಿಂದೆ ನಾನು ಆಚೆ ದಡದ ಆಸ್ಪತ್ರೆಗೆ ಕಲಿಸೋಕೆ ಹೋಗ್ತಿದ್ದಾಗ ನನ್ನ ಕೈಕೆಳಗೆ ಕಲಿತವಳು. ಫೆಬ್ರುವರಿಲಿ ನೋಡೋಕೆ ಬರ್ತಾಳೆ. ಎರಡು ಥಿಯೇಟರ್ ಇದ್ದು, ಮೈ ಆಡೋಷ್ಟು ಜಾಗ ಇದ್ರೆ ಇಲ್ಲೇ ಇರ್ತೀನಿ ಅಂದಿದಾಳೆ. ಅವಳು ಒಲ್ಲೆ ಅಂದ್ರೆ, ನಾನು ಹೋದ ದಿನದಿಂದ ಈ ದ್ವೀಪದಲ್ಲಿ ಯಾರ ಹೊಟ್ಟೇನೂ ಕೊಯ್ಯೋ ಹಾಗಿಲ್ಲ."

"ಆಮೇಲೆ ಜನ ಏನು ಮಾಡ್ತಾರೆ?"

"ಹಡಗು ಕಾಯ್ತಾರೆ. ಚಳಿಗಾಲದಲ್ಲಿ ಹಡಗು ನಾಲ್ಕು ನಾಲ್ಕು ದಿನ ಬರಲ್ಲ. ಒಡೆದುಹೋದ ಅಪೆಂಡಿಕ್ಸ್ ಅಷ್ಟು ದಿನ ಕಾಯಲ್ಲ."

ಆಸ್ಪತ್ರೆಯ ಹಿಂದೆ ಗುಡ್ಡ, ಮುಂದೆ ರಸ್ತೆ, ರಸ್ತೆಯಾಚೆ ಸಮುದ್ರ. ಕಟ್ಟಲು ಉಳಿದಿರುವುದು ಕಟ್ಟಡದ ಪಕ್ಕದಲ್ಲಿ ರಸ್ತೆಯಿಂದ ಗುಡ್ಡದವರೆಗಿನ ಒಂದು ಪಟ್ಟಿ ಮಾತ್ರ. ನನ್ನ ತಲೆಯಲ್ಲಿ ಆಗಲೇ ಚಿತ್ರ ಮೂಡಿದೆ. ಸಮುದ್ರದ ಕಡೆಗೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ, ಅದರ ಹಿಂದೆ ರೋಗಿಗಳ ಮನೆಯವರು ಕಾಯುವ ಹಜಾರ. ಅದರ ಹಿಂದೆ ಒಂದು ಥಿಯೇಟರ್, ಗುಡ್ಡದ ಬುಡಕ್ಕೆ ಇನ್ನೊಂದು. ಮೂವತ್ತು ವರ್ಷದ ಕಸುಬಿನಲ್ಲಿ ಗಾಜಿಗೆ ಇಂಥ ಜಾಗ ಸಿಕ್ಕಿರಲಿಲ್ಲ. ಪತ್ರಿಕೆಯವರು ಫೋಟೊ ತೆಗೆಯದೆ ಬಿಡುವುದಿಲ್ಲ.

ಉಳಿದುಕೊಂಡಿರುವುದು ಬಂದರಿನ ಬಳಿ ಫುಕುಯೊ ಅಜ್ಜಿಯ ವಸತಿಮನೆಯಲ್ಲಿ. ಎಪ್ಪತ್ತೆಂಟು ವರ್ಷದ ವಿಧವೆ, ಒಂದು ಕ್ಷಣ ಬಾಯಿ ಮುಚ್ಚುವುದಿಲ್ಲ. ಊಟಕ್ಕೆ ಸ್ಕ್ವಿಡ್.

ನವೆಂಬರ್ 8

ಇವತ್ತು ಒಂದು ಆಪರೇಷನ್ ನೋಡಿದೆ.

ಹಸಿರು ಬಟ್ಟೆ, ಟೋಪಿ, ಮುಖಗವಸು ತೊಡಿಸಿ ಮೂಲೆಯಲ್ಲಿ ನಿಲ್ಲಿಸಿದರು. ನಿಲ್ಲಿಸಿದವರು ಥಿಯೇಟರಿನ ಹೆಡ್ ನರ್ಸ್ ಇಸೊಬೆ. ಕುಳ್ಳಗಿನ ಹೆಂಗಸು, ನನಗಿಂತ ಒಂದು ವರ್ಷ ದೊಡ್ಡವರು.

"ಈ ಮೂಲೆ ಬಿಟ್ಟು ಅಲ್ಲಾಡಬೇಡಿ ಮೇಷ್ಟ್ರೇ. ತಲೆ ಸುತ್ತಿದ್ರೆ ಹಿಂದಕ್ಕೆ ಬೀಳಿ. ಮುಂದಕ್ಕೆ ಮಾತ್ರ ಬೀಳಬೇಡಿ."

ನಾನು ಸ್ಟಾಪ್‌ವಾಚ್ ಹಿಡಿದುಕೊಂಡು ಹೋಗಿದ್ದೆ. ಅದು ನನ್ನ ಪದ್ಧತಿ. ಯಾರು ಎಷ್ಟು ಹೆಜ್ಜೆ ಹಾಕುತ್ತಾರೆ, ಎಷ್ಟು ಸೆಕೆಂಡು ಹಿಡಿಯುತ್ತದೆ, ಎಲ್ಲ ಬರೆದುಕೊಂಡ ಮೇಲೆಯೇ ನಾನು ಗೋಡೆ ಎಳೆಯುವುದು. ರೋಗಿ ಅಂಚೆ ಕಚೇರಿಯ ಹೆಂಗಸು, ಪಿತ್ತಕೋಶ ತೆಗೆಯಬೇಕಿತ್ತು. ಚಾಕು ಮುಟ್ಟುವ ಮೊದಲು ಆರೂ ಜನ ಅವಳ ಸುತ್ತ ನಿಂತು ತಲೆಬಾಗಿ "ನಡೆಸಿಕೊಡಿ" ಎಂದರು. ನಾವು ದಿನಕ್ಕೆ ನೂರು ಸಲ ಅನ್ನುವ ಮಾತು, ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ. ಪ್ರಜ್ಞೆಯಿಲ್ಲದೆ ಮಲಗಿದವಳಿಗೆ ಅದನ್ನು ಹೇಳುವುದನ್ನು ನಾನು ಕೇಳಿದ್ದು ಇದೇ ಮೊದಲು.

ಆಮೇಲೆ ನೋಡಿದ್ದೆಲ್ಲ ಕೈಗಳನ್ನೇ. ಡಾಕ್ಟರ ಅಂಗೈ ತೆರೆಯುವ ಹೊತ್ತಿಗೆ ಬೇಕಾದ ಉಪಕರಣ ಇಸೊಬೆಯವರ ಕೈಯಿಂದ ಹೊರಟಾಗಿರುತ್ತಿತ್ತು. ಯಾರೂ ಏನನ್ನೂ ಕೇಳಲಿಲ್ಲ. ಅಷ್ಟು ಇಕ್ಕಟ್ಟಿನ ಕೋಣೆಯಲ್ಲಿ ಆರು ಜನ ಒಬ್ಬರ ತೋಳು ಒಬ್ಬರಿಗೆ ತಾಗದಂತೆ ಒಂದು ಗಂಟೆ ಓಡಾಡಿದರು. ಒಂದು ಜೀವ ತೆರೆದುಕೊಂಡು ಅವರ ನಡುವೆ ಮಲಗಿತ್ತು, ಅದರ ಮೇಲೆ ಒಬ್ಬರೂ ಉಸಿರು ಕೂಡ ಜೋರಾಗಿ ಬಿಡಲಿಲ್ಲ. ನನಗೆ ಕಣ್ಣು ತುಂಬಿತು. ಯಾಕೆಂದು ಕೇಳಿದರೆ ಹೇಳಲಾರೆ.

ಹೊರಗೆ ಬಂದ ಮೇಲೆ ನೋಡಿದರೆ ಸ್ಟಾಪ್‌ವಾಚ್ ಒತ್ತಿಯೇ ಇರಲಿಲ್ಲ. ಇನ್ನೊಂದು ಆಪರೇಷನ್ ನೋಡಬೇಕು.

ನವೆಂಬರ್ 12

ನಕ್ಷೆ ತೋರಿಸಿದೆ. ಊಟದ ಮನೆಯಲ್ಲಿ ಹದಿನೆಂಟು ಜನ ಸೇರಿದ್ದರು. ಗಾಜಿನ ಹಜಾರದ ಬಣ್ಣದ ಚಿತ್ರ ಮುಂದಿಟ್ಟಾಗ ಅಡುಗೆಯವರು ಕೂಡ ಕೈ ಒರೆಸಿಕೊಂಡು ಬಂದು ನೋಡಿದರು. ಎರಡೂ ಥಿಯೇಟರ್ ಆರೂಮುಕ್ಕಾಲು ಮೀಟರ್ ಅಗಲ. ಅಷ್ಟು ಅಗಲ ಸಿಕ್ಕಿದ್ದು ಗುಡ್ಡದ ಬುಡದ ಖಾಲಿ ಜಾಗವನ್ನೂ ಬಳಸಿಕೊಂಡಿದ್ದರಿಂದ. ಹಳೆಯ ನಕಾಶೆಯಲ್ಲಿ ಅದನ್ನು 'ಹಿಂಬದಿ, ಖಾಲಿ' ಎಂದೇ ಬರೆದಿದ್ದಾರೆ. ಒಂದು ಹಳೆ ಬಾಗಿಲು, ಸಿಮೆಂಟಿನ ಅಂಗಳ, ಒಂದು ನಲ್ಲಿ, ಅಷ್ಟೇ.

"ಚೆನ್ನಾಗಿದೆ," ಎಂದರು ಡಾ. ಒಕಿಮೊರಿ. "ಚೆನ್ನಾಗಿದೆ," ಎಂದರು ಉಳಿದವರು. ಪ್ರಶ್ನೆ ಏನಾದರೂ ಇದೆಯೇ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಇಸೊಬೆಯವರು ಕೈ ಎತ್ತಿದರು.

"ಹಿಂದಿನ ನಲ್ಲಿ ಎಲ್ಲಿಗೆ ಹೋಗುತ್ತೆ?"

"ಅಡುಗೆಮನೆ ಪಕ್ಕಕ್ಕೆ ಹಾಕಿಸಿಕೊಡ್ತೀನಿ. ಮಾಪು ತೊಳೆಯೋಕೆ ಅಲ್ಲೇ ಅನುಕೂಲ."

"ಹೌದಲ್ವಾ," ಎಂದು ಕೂತರು.

ಒಂದೂ ತಿದ್ದುಪಡಿ ಇಲ್ಲದೆ ಒಪ್ಪಿಗೆಯಾದ ನಕ್ಷೆ ನನ್ನ ಜೀವಮಾನದಲ್ಲಿ ಇದೇ ಮೊದಲು. ಸಂಜೆ ಅಜ್ಜಿಗೆ ಹೇಳಿ ಒಂದು ಬಾಟಲಿ ಅಕ್ಕಿಮದ್ಯ ತರಿಸಿಕೊಂಡೆ.

ನವೆಂಬರ್ 13

ಗಾಳಿ. ಹಡಗಿಲ್ಲ. ಸ್ಕ್ವಿಡ್.

ನವೆಂಬರ್ 19

ಇವತ್ತು ಬೆಳಗ್ಗೆ ಕಂಡದ್ದನ್ನು ಬರೆದಿಡಬೇಕು.

ಎರಡನೇ ಮಹಡಿಯ ಕಿಟಕಿಯಲ್ಲಿ ನಿಂತು ಊಟದ ಗಾಡಿ ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತದೆ ಎಂದು ಸಮಯ ನೋಡುತ್ತಿದ್ದೆ. ಕೆಳಗೆ ಹಿಂಬಾಗಿಲು ತೆರೆಯಿತು. ಇಸೊಬೆಯವರು ಬಕೆಟ್ಟು ಹಿಡಿದು ಬಂದರು, ನಲ್ಲಿಯಿಂದ ನೀರು ತುಂಬಿಕೊಂಡರು, ಮರದ ಸೌಟಿನಿಂದ ಅಂಗಳಕ್ಕೆಲ್ಲ ನೀರು ಚಿಮುಕಿಸಿದರು. ಮನೆಗೆ ದೊಡ್ಡ ಅತಿಥಿಗಳು ಬರುವಾಗ ಬಾಗಿಲ ಮುಂದೆ ಹಾಕುವ ಹಾಗೆಯೇ, ಬಾಗಿಲಿನಿಂದ ಶುರುಮಾಡಿ ಹೊರಗಿನವರೆಗೆ, ಒಂದು ಅಂಗುಲ ಬಿಡದೆ. ಆಮೇಲೆ ಬಿಳಿ ಬಟ್ಟೆ ಹೊದಿಸಿದ ಸ್ಟ್ರೆಚರ್ ಬಂತು.

ತೀರಿಹೋದವನು ದ್ವೀಪದ ಆಚೆ ಬದಿಯ ಮೀನುಗಾರ. ಕರುಳು ತಿರುಚಿಕೊಂಡಿತ್ತಂತೆ. ಹೊಟ್ಟೆನೋವಲ್ಲವೇ, ಹೋಗುತ್ತದೆ ಎಂದು ಎರಡು ದಿನ ಸಹಿಸಿಕೊಂಡು ಬಂದಿದ್ದ. ಡಾಕ್ಟರು ನಿನ್ನೆ ಐದು ಗಂಟೆ ಹೊತ್ತು ಆಪರೇಷನ್ ಮೇಜಿನ ಮೇಲೆ ಅವನನ್ನು ಬಿಡದೆ ಹಿಡಿದುಕೊಂಡಿದ್ದರು.

ಹೆಂಡತಿ, ಮಗಳು ಕಾರಿನಲ್ಲಿ ಕೂತರು. ಡಾಕ್ಟರು, ಇಸೊಬೆ, ವಾರ್ಡಿನ ನರ್ಸುಗಳು, ಅಡುಗೆಯವರು, ಔಷಧದ ಕೋಣೆಯಾತ, ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಸೊಂಟದಿಂದ ಬಾಗಿದರು. ಕಾರು ಹೊರಟಿತು. ನನ್ನ ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿತ್ತು. ಕಾರು ರಸ್ತೆಗಿಳಿದು, ಬಂದರು ಬಳಸಿ, ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೆ ಒಬ್ಬರ ತಲೆಯೂ ಮೇಲೇಳಲಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡು. ಡಾಕ್ಟರು ಅದಾದ ಮೇಲೂ ಎದ್ದಿರಲಿಲ್ಲ.

ಆಸ್ಪತ್ರೆಯವರು ಹೀಗೆ ಬೀಳ್ಕೊಡುತ್ತಾರೆಂದು ಗೊತ್ತಿರದ ಮಾತಲ್ಲ. ಒಸಾಕಾದಲ್ಲಿ ನನ್ನ ಅಮ್ಮ ಹೋದಾಗಲೂ ನೆಲಮಾಳಿಗೆಯಲ್ಲಿ ಇಬ್ಬರು ಬಾಗಿದ್ದರು. ಆದರೆ ಇಂಥದನ್ನು ನಾನು ಕಂಡಿಲ್ಲ. ಎಂಥ ಜನ ಇವರು!

ಗಾಜಿನ ದಪ್ಪ ಹನ್ನೆರಡು ಮಿಲಿಮೀಟರ್ ಸಾಕೇ, ಉಪ್ಪುಗಾಳಿಗೆ ಚೌಕಟ್ಟು ಯಾವುದು, ನಾಳೆ ಕೇಳಬೇಕು.

ನವೆಂಬರ್ 20

ಹೊರಡುವ ದಿನ ಇವತ್ತು. ಆದರೆ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಟೇಪು ಅಂಟಿಸಿ ಒಮ್ಮೆ ಇವರನ್ನು ಓಡಾಡಿಸಿ ನೋಡಬೇಕು. ಅದು ಮುಗಿಸಿಯೇ ಹೋಗುತ್ತೇನೆ.

ಡಿಸೆಂಬರ್ 10

ಆರು ವರ್ಷದ ಹಿಂದೆ ಮುಚ್ಚಿದ ಪ್ರಾಥಮಿಕ ಶಾಲೆಯ ಆಟದ ಹಜಾರವನ್ನು ಪಂಚಾಯಿತಿಯವರು ಬಿಟ್ಟುಕೊಟ್ಟರು. ಎರಡು ದಿನ ಮಂಡಿಯೂರಿ ಎಂಟು ಸುರುಳಿ ಬಿಳಿ ಟೇಪು ಅಂಟಿಸಿದೆ. ಟೇಪು ಎಂದರೆ ಗೋಡೆ, ಟೇಪು ಇಲ್ಲದಲ್ಲಿ ಬಾಗಿಲು. ಪಿಂಗ್‌ಪಾಂಗ್ ಆಡುವ ಅರ್ಧ ಮೇಜು ಆಪರೇಷನ್ ಮೇಜು. ರೋಗಿಯಾಗಲು ನಮ್ಮ ಫುಕುಯೊ ಅಜ್ಜಿ ತಾನೇ ಮುಂದೆ ಬಂದು ಮಲಗಿತು.

"ನನ್ನ ಹೊಟ್ಟೇಲಿ ಏನಿದೆ ಅಂತ ಇಟ್ಕೊಂಡಿದೀರಿ ಡಾಕ್ಟ್ರೇ?"

"ಕಲ್ಲು."

"ಎಷ್ಟು ದಪ್ಪದ್ದು?"

"ನಿಮ್ಮ ಬಾಯಷ್ಟು."

"ಹಾಗಿದ್ರೆ ಎರಡು ಥಿಯೇಟರ್ ಸಾಲಲ್ಲ ಬಿಡಿ!"

ಎಲ್ಲರೂ ನಕ್ಕರು. ಆಮೇಲೆ ಅಜ್ಜಿಯ ಸುತ್ತ ನಿಂತು "ನಡೆಸಿಕೊಡಿ" ಎಂದು ತಲೆಬಾಗಿದರು, ಮತ್ತೆ ಯಾರೂ ನಗಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ ಅವರಿಗೆ. ಇಸೊಬೆಯವರು ಬರಿಗಾಳಿಯನ್ನು ಎತ್ತಿ ಡಾಕ್ಟರ ಅಂಗೈಗಿಟ್ಟರು. ಅದರ ಹಿಡಿ ಎತ್ತ, ಮೊನೆ ಎತ್ತ ಎಂದು ನನಗೆ ಕಂಡಿತು. ಡಾಕ್ಟರು ಅದನ್ನು ತಿರುಗಿಸಿ ಹಿಡಿದರು, ಕೊಯ್ದರು, ಕಟ್ಟಿದರು, ವಾಪಸ್ ಕೊಟ್ಟರು. ಕೊನೆಗೆ ಹೊಟ್ಟೆಯಿಂದ ತೆಗೆದ ಬಟ್ಟೆತುಂಡುಗಳನ್ನು ಲೆಕ್ಕ ಹಾಕಿದರು. ಇಲ್ಲದ ಬಟ್ಟೆತುಂಡುಗಳನ್ನು! ಒಬ್ಬಳು ಎಣಿಸಿದಳು, ಇನ್ನೊಬ್ಬಳು ಮತ್ತೆ ಎಣಿಸಿದಳು, ಹನ್ನೆರಡು ಸರಿಯಿದೆ ಎಂದಮೇಲೆಯೇ ಹೊಟ್ಟೆ ಹೊಲಿದರು.

ಅಜ್ಜಿಯನ್ನು ಸ್ಟ್ರೆಚರಿಗೆ ವರ್ಗಾಯಿಸಿ ವಾರ್ಡಿನ ಬಾಗಿಲು ದಾಟಿಸಿದರು. ನಲವತ್ತೊಂದು ಸೆಕೆಂಡು. ಭೇಷ್ ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಮಲಗಿದಲ್ಲಿಂದಲೇ ಕೇಳಿತು.

"ಬದುಕಿದ್ದಾಯ್ತು. ಈಗ ಸತ್ತೆ ಅಂತ ಇಟ್ಕೊಳ್ಳಿ. ನನ್ನ ಯಾವ ಕಡೆ ಕರ್ಕೊಂಡು ಹೋಗ್ತೀರಿ?"

ಹದಿನೆಂಟು ಜನ ತಂತಮ್ಮ ಕಾಲ್ಬೆರಳು ನೋಡುತ್ತ ನಿಂತರು.

"ಅಡುಗೆಮನೆ ಪಕ್ಕದ ಬಾಗಿಲಿಂದ," ಎಂದರು ಇಸೊಬೆ.

"ಕಸದ ಡಬ್ಬಿ ಇಡೋ ಕಡೇನಾ? ಹಿಂಬಾಗಿಲಿಗೆ ಏನಾಯ್ತು?"

ಇಸೊಬೆಯವರ ಕಣ್ಣು ಹೋದ ಕಡೆ ನನ್ನ ಕಣ್ಣೂ ಹೋಯಿತು. ನನ್ನ ಎರಡನೇ ಥಿಯೇಟರ್. ಗುಡ್ಡದ ಬುಡದ ಖಾಲಿ ಜಾಗ. ಮೂರು ವಾರದ ಹಿಂದೆ ಕಿಟಕಿಯಿಂದ ನೋಡಿ ಪುಟಗಟ್ಟಲೆ ಬರೆದುಕೊಂಡೆನಲ್ಲ, ಆ ಅಂಗಳದ ನಟ್ಟನಡುವೆ ನಾನೇ ಮೇಜು ಹಾಕಿ ಅಜ್ಜಿಯನ್ನು ಮಲಗಿಸಿದ್ದೆ. ಕಣ್ಣಿದ್ದೂ ಕಾಣಲಿಲ್ಲ. ನಾಚಿಕೆಯಾಯಿತು, ನಾಚಿಕೆ ಮುಚ್ಚಿಕೊಳ್ಳಲು ಕೂಗಾಡಿದೆ.

"ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳ್ಲಿಲ್ವಲ್ರೀ! ಚೆನ್ನಾಗಿದೆ, ಚೆನ್ನಾಗಿದೆ ಅಂತ ತಲೆ ಆಡಿಸಿದ್ರಲ್ಲ!"

"ಹೇಳಿದ್ರೆ ನೀವು ಥಿಯೇಟರ್ ಸಣ್ಣದು ಮಾಡ್ತಿದ್ರಿ," ಎಂದರು ಇಸೊಬೆ ಮೆಲ್ಲಗೆ. "ಹತಾನೊ ಅವರು ಒಲ್ಲೆ ಅಂತಿದ್ರು. ನಾವೆಲ್ಲ ಕೂತು ಮಾತಾಡ್ಕೊಂಡ್ವಿ ಮೇಷ್ಟ್ರೇ. ಬದುಕೋರಿಗೆ ಜಾಗ ಬೇಕಲ್ವಾ. ಹೋದೋರು ಸ್ವಲ್ಪ ಸರ್ಕೊಳ್ತಾರೆ, ಬೇಜಾರು ಮಾಡ್ಕೊಳ್ಳಲ್ಲ ಅಂತ…"

"ಹೋದೋರು ಬೇಜಾರು ಮಾಡ್ಕೊಳ್ಳಲ್ಲಮ್ಮ," ಎಂದು ಅಜ್ಜಿ ಎದ್ದು ಕೂತಿತು. "ಕಾರಲ್ಲಿ ಕೂತಿರ್ತೀವಲ್ಲ, ನಾವು? ನಮ್ಮ ಯಜಮಾನ್ರು ಹೋದ ದಿನ ನನಗೆ ಅಳು ಕೂಡ ಬಂದಿರ್ಲಿಲ್ಲ. ಡ್ರೈವರ್ ಮುಂದಿನ ಕನ್ನಡಿ ನನ್ನ ಕಡೆಗೆ ತಿರುಗಿಸಿದ. ನೋಡಿದ್ರೆ ಇವರೆಲ್ಲ ಬಾಗಿ ನಿಂತಿದಾರೆ. ಬಂದರು ದಾಟಿದ್ವಿ, ಇನ್ನೂ ಬಾಗಿದಾರೆ. ತಿರುವಿಗೆ ಬಂದ್ವಿ, ಬಟಾಣಿಯಷ್ಟು ಕಾಣ್ತಿದಾರೆ, ಇನ್ನೂ ಬಾಗಿದಾರೆ. ಒಬ್ಬ ಗೊಣಗೋ ಮುದುಕನಿಗೆ! ಆವಾಗ ಅಳು ಬಂತು ನೋಡಿ. ಅವತ್ತು ನಾನು ಅಳದೇ ಇದ್ದಿದ್ರೆ ಇವತ್ತು ಇಷ್ಟು ಮಾತಾಡ್ತಿರ್ಲಿಲ್ಲ. ಅಡುಗೆಮನೆ ಕಡೆಯಿಂದ ಆ ತಿರುವು ಕಾಣಲ್ಲ."

ನಿಜ. ಅಡುಗೆಮನೆ ಕಡೆಯಿಂದ ಆ ತಿರುವು ಕಾಣುವುದಿಲ್ಲ. ಹೋಗಿ ನೋಡಿಬಂದೆ.

ಡಿಸೆಂಬರ್ 11

ಏನೂ ಹೊಳೆಯುತ್ತಿಲ್ಲ. ಕೂಗಾಡಿದ್ದಕ್ಕೆ ಇಸೊಬೆಯವರ ಕ್ಷಮೆ ಕೇಳಿದೆ. "ತಲೆ ಸುತ್ತಿ ಹಿಂದಕ್ಕೇ ಬಿದ್ರಿ, ಮುಂದಕ್ಕಲ್ಲವಲ್ಲ, ಪರವಾಗಿಲ್ಲ," ಎಂದರು.

ಡಿಸೆಂಬರ್ 13

ಗಾಜಿನ ಹಜಾರ ತೆಗೆದುಹಾಕಿದೆ. ಎರಡೂ ಥಿಯೇಟರನ್ನು ಸಮುದ್ರದ ಕಡೆಗೆ ಸರಿಸಿದೆ. ಮನೆಯವರು ಕಾಯಲು ಹಳೆ ಕಟ್ಟಡದ ಕಡತದ ಕೋಣೆ ಸಾಕು. ಸಮುದ್ರ ನೋಡಬೇಕಾದರೆ ಬಾಗಿಲು ದಾಟಿ ಹೊರಗೆ ನಿಂತರಾಯಿತು, ಅದು ಎಲ್ಲಿಗೂ ಹೋಗುವುದಿಲ್ಲ. ಅಂಗಳ, ಬಾಗಿಲು, ನಲ್ಲಿ ಇದ್ದಲ್ಲೇ ಉಳಿದವು, ಗುಡ್ಡದ ತಿರುವೂ ಅಲ್ಲಿಂದ ಮೊದಲಿನಂತೆಯೇ ಕಾಣುತ್ತದೆ. ಅಂಗಳಕ್ಕೆ ಮಳೆ ಬೀಳದಂತೆ ಒಂದು ಚಾವಣಿ ಇಳಿಸಿದ್ದೇನೆ.

ಆದರೂ ಎರಡನೇ ಥಿಯೇಟರಿಗೆ ನಲವತ್ತು ಸೆಂಟಿಮೀಟರ್ ಕಮ್ಮಿ. ಎಷ್ಟು ಎಳೆದಾಡಿದರೂ ಕಮ್ಮಿಯೇ. ಕಂಬ ಕರಗುವುದಿಲ್ಲ, ಗುಡ್ಡ ಸರಿಯುವುದಿಲ್ಲ.

ಡಿಸೆಂಬರ್ 14

ಡಾ. ಒಕಿಮೊರಿಗೆ ಹೊಸ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರು ಸಿಟ್ಟಾಗಿದ್ದನ್ನು ನಾನು ಕಂಡದ್ದು ಇದೊಂದೇ ಸಲ.

"ನಲವತ್ತು ಸೆಂಟಿಮೀಟರ್‌ಗೋಸ್ಕರ ಒಬ್ಬ ಸರ್ಜನ್ ಕೈತಪ್ಪಿ ಹೋದ್ರೆ? ಆಮೇಲೆ ಆ ಹಿಂಬಾಗಿಲಿಗೆ ಕೆಲಸ ಜಾಸ್ತಿ ಆಗುತ್ತೆ ಮೇಷ್ಟ್ರೇ, ಗೊತ್ತಾಯ್ತಾ? ದಿನಾ ನೀರು ಹಾಕ್ಕೊಂಡು ಕೂರಬೇಕಾಗುತ್ತೆ!"

ನನಗೆ ಹೆದರಿಕೆಯಾಯಿತು. ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ಇಸೊಬೆ.

"ನಲವತ್ತು ಸೆಂಟಿಮೀಟರ್ ಅಂದ್ರೆ ಒಬ್ಬರ ಬೆನ್ನು ಡಾಕ್ಟ್ರೇ. ಈಗಿರೋ ಥಿಯೇಟರ್ ಈ ಹೊಸದಕ್ಕಿಂತ ಒಂದೂವರೆ ಮೀಟರ್ ಸಣ್ಣದು. ಮೂವತ್ತು ವರ್ಷ ಅದರಲ್ಲೇ ಮಾಡಿದೀವಿ. ಟೇಪು ಸರಿಸಿ ಕೊಡಿ ಮೇಷ್ಟ್ರೇ, ಆ ಬೆನ್ನು ನಾವು ಹುಡುಕ್ತೀವಿ."

ಜನವರಿ 5

ಹೊಸವರ್ಷದ ಅಕ್ಕಿಕಡುಬಿನ ಸಾರು ಮೂರು ದಿನ ಉಂಡೆವು. ಅಜ್ಜಿ ನನ್ನ ಹೆಸರು ಬರೆದ ಊಟದ ಕಡ್ಡಿಗಳನ್ನು ಡಬ್ಬಿಯಲ್ಲಿ ಇಟ್ಟಿದೆ. ಕಚೇರಿಯಿಂದ ಫೋನು: ಯಾವಾಗ ಬರ್ತೀರಿ? ಬರ್ತೀನಿ, ನಮ್ಮ ಥಿಯೇಟರ್ ಒಂದು ಹಂತಕ್ಕೆ ಬರಲಿ ಎಂದೆ.

ಜನವರಿ 16

ವಾರಕ್ಕೆ ಮೂರು ದಿನ, ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ಇವರೆಲ್ಲ ಶಾಲೆಯ ಹಜಾರಕ್ಕೆ ಬರುತ್ತಾರೆ. ಒಲೆಯಿಲ್ಲದ ಹಜಾರ, ಬಾಯಿಬಿಟ್ಟರೆ ಹೊಗೆ. ಕೋಟಿನ ಮೇಲೆ ಹಸಿರು ಬಟ್ಟೆ ತೊಟ್ಟು ಟೇಪಿನ ಒಳಗೆ ನಿಲ್ಲುತ್ತಾರೆ. ಅಜ್ಜಿ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತದೆ. ಇದುವರೆಗೆ ಅದಕ್ಕೆ ಹನ್ನೊಂದು ಆಪರೇಷನ್ ಆಗಿದೆ.

ಉಪಕರಣದ ಮೇಜನ್ನು ಬಲಗಡೆಯಿಂದ ರೋಗಿಯ ಕಾಲಿನ ಕಡೆಗೆ ತಂದು ನೋಡಿದರು. ಹದಿನೈದು ಸೆಂಟಿಮೀಟರ್ ಸಿಕ್ಕಿತು. ಆದರೆ ಇಸೊಬೆಯವರ ಕೈಗೆ ಮೂವತ್ತು ವರ್ಷದ ದಾರಿ ತಪ್ಪಿತು. ಮೊದಲ ದಿನ ನಾಲ್ಕು ಸಲ ಅವರ ಕೈ ಹಳೆಯ ಜಾಗಕ್ಕೆ ಹೋಯಿತು. ಇವತ್ತು ಒಮ್ಮೆಯೂ ಹೋಗಲಿಲ್ಲ. ಅರವತ್ತಕ್ಕೆ ಕಾಲಿಡುತ್ತಿರುವ ಹೆಂಗಸು, ಕಲಿತದ್ದನ್ನೆಲ್ಲ ಮರೆತು ಮತ್ತೆ ಕಲಿತಿದ್ದಾರೆ, ಅದೂ ಇಲ್ಲದ ಗೋಡೆಯೊಳಗೆ, ಬರದೆಯೂ ಇರಬಹುದಾದ ಒಬ್ಬ ಡಾಕ್ಟರಿಗಾಗಿ. ನೋಡುತ್ತ ನೋಡುತ್ತ ನನ್ನ ಕಸುಬಿನ ಬಗ್ಗೆ ನಾನು ಇಟ್ಟುಕೊಂಡಿದ್ದ ದೊಡ್ಡ ದೊಡ್ಡ ಮಾತೆಲ್ಲ ಎಲ್ಲಿ ಹೋದವೋ. ಕೋಣೆಯನ್ನು ಕಟ್ಟುವವರು ಇವರು. ನಾನು ಟೇಪು ಹಿಡಿದುಕೊಂಡಿದ್ದೇನೆ.

ಯಂತ್ರದ ತಂತಿಗಳನ್ನು ನೆಲದಿಂದ ಎತ್ತಿ ಸೂರಿನಿಂದ ಇಳಿಬಿಟ್ಟರೆ ಇನ್ನೊಂದು ಇಪ್ಪತ್ತು ಸಿಗುತ್ತದೆ. ಅದು ನನ್ನ ಪಾಲಿನ ಕೆಲಸ, ಮಾಡಿದೆ. ಇನ್ನು ಐದು.

ಜನವರಿ 27

ಐದು ಸಿಗಲಿಲ್ಲ.

ಫೆಬ್ರುವರಿ 9

ನಾಲ್ಕು ದಿನ ನಿಂತಿದ್ದ ಹಡಗು ಇವತ್ತು ಬೆಳಗ್ಗೆ ಬಂತು. ಡಾ. ಹತಾನೊ ಇಳಿದರು. ಮೂವತ್ನಾಲ್ಕು ವರ್ಷ, ತೆಳ್ಳಗೆ, ಮುಖ ಹಸಿರುಗಟ್ಟಿತ್ತು. ಬಂದರಿನ ಬೆಂಚಿನ ಮೇಲೆ ಹತ್ತು ನಿಮಿಷ ತಲೆ ತಗ್ಗಿಸಿ ಕೂತರು. ಡಾ. ಒಕಿಮೊರಿ ಪಕ್ಕದಲ್ಲಿ ನಿಂತು, "ಸಮುದ್ರ ನಿನ್ನ ಪರೀಕ್ಷೆ ಮಾಡ್ತಮ್ಮ, ಈಗ ನಮ್ಮದನ್ನ ನೀನು ಮಾಡು," ಎಂದರು. ಅವರ ಧ್ವನಿಯಲ್ಲಿ ಎಂದಿನ ಜೋರು ಇರಲಿಲ್ಲ.

ಶಾಲೆಯ ಹಜಾರದಲ್ಲಿ ಹತಾನೊ ಅವರನ್ನೇ ಸರ್ಜನ್ ಜಾಗದಲ್ಲಿ ನಿಲ್ಲಿಸಿದೆವು. "ನಡೆಸಿಕೊಡಿ" ಎಂದು ಬಾಗಿದರು. ಅಂಗೈ ತೆರೆದರು. ಇಸೊಬೆಯವರು ಗಾಳಿ ಕೊಟ್ಟರು. ಹತಾನೊ ಅರೆಕ್ಷಣ ಅವರ ಮುಖ ನೋಡಿದರು, ಆಮೇಲೆ ಕೆಲಸಕ್ಕಿಳಿದರು. ನಲವತ್ತು ನಿಮಿಷ ನಡೆಯಿತು. ಒಂದೇ ಸಲ, ಹಿಂದೆ ಸರಿದಾಗ, ಅವರ ಮೊಣಕೈ ಅರಿವಳಿಕೆಯವನ ಬೆನ್ನಿಗೆ ತಾಗಿತು. ಆ ಐದು ಸೆಂಟಿಮೀಟರ್.

ಮುಗಿದ ಮೇಲೆ ಅವರು ಟೇಪಿನ ಗೋಡೆಗುಂಟ ನಡೆದರು. ಎಲ್ಲಿಯೂ ಟೇಪು ದಾಟಲಿಲ್ಲ, ಬಾಗಿಲುಗಳಿಂದಲೇ ಹೋದರು. ಕೊನೆಗೆ ಟೇಪಿನ ಹಿಂಬಾಗಿಲಿಗೆ ಬಂದರು. ಅಲ್ಲಿ ಬಕೆಟ್ಟು, ಮರದ ಸೌಟು ಇತ್ತು. ಯಾರು ತಂದಿಟ್ಟರೋ ನನಗೆ ಗೊತ್ತಿಲ್ಲ.

"ಇದೇನು?"

"ಹೋಗೋರಿಗೆ ನೀರು ಚಿಮುಕಿಸ್ತೀವಿ," ಎಂದರು ಇಸೊಬೆ.

ಹತಾನೊ ಸೌಟನ್ನು ನೋಡಿದರು, ಚಾವಣಿ ಬರಬೇಕಾದ ಜಾಗವನ್ನು ನೋಡಿದರು, ಮತ್ತೆ ಎರಡನೇ ಥಿಯೇಟರಿನ ಕಡೆ ತಿರುಗಿದರು.

"ಕೋಣೆ ಸಣ್ಣದು," ಎಂದರು.

ಅಷ್ಟೇ. ಆಮೇಲೆ ಊಟದಲ್ಲಿ, ಚಹಾದಲ್ಲಿ, ದಾರಿಯಲ್ಲಿ ಆ ವಿಷಯ ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ. ಡಾ. ಒಕಿಮೊರಿ ಒಂದೇ ಸಮನೆ ಮೀನಿನ ಮುಳ್ಳು ತೆಗೆಯುತ್ತ ಕೂತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಗಾಜು ತೆಗೆದದ್ದಕ್ಕೆ ಅಲ್ಲ, ಅಂಗಳ ಉಳಿಸಿದ್ದಕ್ಕೂ ಅಲ್ಲ, ಇವರೆಲ್ಲ ಆ ಚಳಿಯಲ್ಲಿ ನಿಂತ ಸಂಜೆಗಳನ್ನು ನೆನೆದು ಸಂಕಟವಾಯಿತು. ನಾನೇ ಕೆಡಿಸಿದೆ ಎನಿಸಿತು.

ಮೂರು ಗಂಟೆಗೆ ಹಡಗು. ಬಂದರಿಗೆ ಎಲ್ಲರೂ ಹೋದೆವು, ಅಜ್ಜಿಯೂ. ಹತಾನೊ ನಮಸ್ಕರಿಸಿ ಹಡಗಿನ ಮೆಟ್ಟಿಲಿಗೆ ಕಾಲಿಟ್ಟರು. ಕಾಲಿಟ್ಟವರು ನಿಂತು ತಿರುಗಿದರು.

"ಇಸೊಬೆ ಅವ್ರೇ, ನನ್ನ ಕೈಗವಸಿನ ಅಳತೆ ಆರೂವರೆ."

"ಹಾಂ?"

"ಇಲ್ಲಿ ಸರ್ಜನ್‌ಗೆ ಅಂತ ಇರೋದೆಲ್ಲ ಎಂಟು, ಒಕಿಮೊರಿ ಡಾಕ್ಟ್ರ ಅಳತೆ. ಮುಂಚೇನೇ ತರಿಸಿಡಿ. ಹಡಗು ನಿಂತ್ರೆ ಕಷ್ಟ."

ಇಸೊಬೆಯವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಆರೂವರೆ ಎಂದು ಬರೆದುಕೊಂಡರು. ಬರೆದುಕೊಂಡು ಅದನ್ನೇ ನೋಡುತ್ತ ನಿಂತರು. ಡಾ. ಒಕಿಮೊರಿ ಸಮುದ್ರದ ಕಡೆ ತಿರುಗಿ ಮೂಗು ಸೀಟಿದರು. "ಎಂಥ ಸಣ್ಣ ಕೈಯಪ್ಪ," ಎಂದಿತು ಅಜ್ಜಿ. "ಇನ್ನು ನನ್ನ ಕಲ್ಲಿಗೆ ಭಯ ಇಲ್ಲ."

ಹಡಗು ಬಿಟ್ಟಿತು. ಯಾರೂ ಹೇಳದೆಯೇ ಎಲ್ಲರೂ ಸಾಲಾಗಿ ನಿಂತು ಬಾಗಿದರು. ನಾನೂ ಬಾಗಿದೆ. ಸಾಕಾಯಿತೇನೋ ಎಂದು ತಲೆ ಎತ್ತಿದರೆ ಅಕ್ಕಪಕ್ಕದವರು ಇನ್ನೂ ಬಾಗಿಯೇ ಇದ್ದರು. ಆಗ ಕಂಡಿತು: ಹಡಗಿನ ಹಿಂಬದಿಯಲ್ಲಿ, ಕಂಬಿ ಹಿಡಿದುಕೊಂಡು, ಆ ಅಲೆಗಳಲ್ಲಿ, ಹತಾನೊ ಕೂಡ ಬಾಗಿ ನಿಂತಿದ್ದರು. ಬಂದರಿನ ತಡೆಗೋಡೆ ದಾಟಿತು, ಇನ್ನೂ ಹಾಗೇ ಇದ್ದರು. ನಾನು ಮತ್ತೆ ತಲೆ ತಗ್ಗಿಸಿದೆ.

ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಸ್ಟಾಪ್‌ವಾಚ್ ಕೋಟಿನ ಜೇಬಿನಲ್ಲೇ ಇತ್ತು.